ಅಮೀರ್ ಮೇಷ್ಟ್ರು ತಲೆ ಆಡಿಸಿದ್ದು

ಶಿವಾಜಿನಗರದ ಆ ಗಲ್ಲಿಯಲ್ಲಿ ಅಮೀರ್ ಮೇಷ್ಟ್ರ ಎದುರು ಧೈರ್ಯವಾಗಿ ಇಂಗ್ಲಿಷ್ ಮಾತಾಡುವವರೆಂದರೆ ಹೊಸಬರು ಮಾತ್ರ. ಹಳಬರು ಅವರನ್ನು ಕಂಡ ಕೂಡಲೇ ಕನ್ನಡಕ್ಕೋ ತಮಿಳಿಗೋ ದಖ್ಖನಿ ಉರ್ದುವಿಗೋ ಇಳಿದುಬಿಡುತ್ತಿದ್ದರು. ಒಮ್ಮೆ ಜೀವನ್ ಬಿಮಾ ನಗರದಿಂದ ಸ್ಕೂಟರಿನಲ್ಲಿ ಬಂದ ವಿಮಾ ಏಜೆಂಟನೊಬ್ಬ, ಪಾಪ, ಗೊತ್ತಿಲ್ಲದೆ ‘ಲಾಟ್ ಆಫ್ ಪೀಪಲ್ ಈಸ್ ಟೇಕಿಂಗ್ ದಿಸ್ ಪಾಲಿಸಿ ಸಾರ್’ ಎಂದು ಶುರು ಮಾಡಿದ. ಮೇಷ್ಟ್ರು ಅವನನ್ನು ಕೂರಿಸಿ, ಚಹಾ ತರಿಸಿ, ಪೀಪಲ್ ಅಂದರೆ ಹಲವರು, ಹಲವರಿಗೆ ‘ಈಸ್’ ಹಾಕಿದರೆ ಅವರಿಗೆ ಅವಮಾನ, ‘ಆರ್’ ಹಾಕಬೇಕು ಎಂದು ಸಾವಧಾನವಾಗಿ ತಿಳಿಸಿದರು. ಏಜೆಂಟ್ ಬಾಗಿಲು ದಾಟುವ ಹೊತ್ತಿಗೆ ವ್ಯಾಕರಣ ಕಲಿತಿದ್ದ, ಪಾಲಿಸಿ ಮಾತ್ರ ಮಾರಿರಲಿಲ್ಲ.

ಹಲಸೂರಿನ ಅನುದಾನಿತ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ಅವರಪ್ಪ ರಸಲ್ ಮಾರ್ಕೆಟ್ಟಿನ ಹಿಂದೆ ಕೂತು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮಗ ಬೇರೆಯವರ ಇಂಗ್ಲಿಷಿಗೆ ಕಲಾಯಿ ಹಾಕುವ ಕಸುಬು ಹಿಡಿದ, ಅಷ್ಟೇ ವ್ಯತ್ಯಾಸ. ನಿವೃತ್ತಿಯ ಮೇಲೆ ಮನೆಯ ಮುಂಕೋಣೆಯಲ್ಲೇ ಟ್ಯೂಷನ್ ಶುರುವಾಯಿತು. ಬ್ಯಾಂಕಿನ ಪರೀಕ್ಷೆ, ಪೊಲೀಸ್ ಪರೀಕ್ಷೆ, ರೈಲ್ವೆ ಪರೀಕ್ಷೆ ಎಂದು ಕೆ.ಆರ್. ಪುರದಿಂದ, ಗರುಡಾಚಾರ್‌ಪಾಳ್ಯದಿಂದ, ಎದುರುಗಡೆ ಮಹಡಿಯಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಬಂದವರು ಕೇಳುತ್ತಿದ್ದದ್ದು ಒಂದೇ ಪಾಠ. ‘ಹಾಫ್ ಆಫ್’, ‘ಮೋಸ್ಟ್ ಆಫ್’, ‘ಎ ನಂಬರ್ ಆಫ್’, ‘ದ ನಂಬರ್ ಆಫ್’ ಬಂದಾಗ ಮುಂದೆ ‘ಈಸ್’ ಬರೆಯಬೇಕೋ ‘ಆರ್’ ಬರೆಯಬೇಕೋ? ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಜಾಗವೆಂದರೆ ಬಲು ಪ್ರೀತಿ. ಅಭ್ಯರ್ಥಿಗಳು ಹಿಂಡುಹಿಂಡಾಗಿ ಬೀಳುವ ಹಳ್ಳ ಅದು.

ಮೇಷ್ಟ್ರು ಅದನ್ನು ಬಿರಿಯಾನಿ ಹಂಡೆಯಿಂದ ಕಲಿಸುತ್ತಿದ್ದರು. ‘ಹಾಫ್ ಆಫ್’ ಎನ್ನುವುದು ಬರೀ ಸೌಟು. ಸೌಟನ್ನು ನೋಡಬೇಡ, ಸೌಟಿನಲ್ಲಿ ಬಂದದ್ದನ್ನು ನೋಡು. ಬಿರಿಯಾನಿ ಬಂದರೆ ಅದು ಒಂದೇ ರಾಶಿ, ‘ಈಸ್’. ಮೊಟ್ಟೆಗಳು ಬಂದರೆ ಎಣಿಸಬಹುದು, ‘ಆರ್’. ‘ಎ ನಂಬರ್ ಆಫ್ ಗೆಸ್ಟ್ಸ್’ ಅಂದರೆ ಬಂದು ಕೂತ ನೆಂಟರು, ಅವರಿಗೆ ‘ಆರ್’. ‘ದ ನಂಬರ್ ಆಫ್ ಗೆಸ್ಟ್ಸ್’ ಅಂದರೆ ನೆಂಟರಲ್ಲ, ಎಷ್ಟು ತಟ್ಟೆ ಬೇಕು ಎಂದು ಬಾವರ್ಚಿ ಕೇಳುವ ಲೆಕ್ಕ. ಲೆಕ್ಕ ಒಂದೇ, ಅದಕ್ಕೆ ‘ಈಸ್’. ಇಷ್ಟು ಕೇಳಿದವನು ಆ ಪ್ರಶ್ನೆಯಲ್ಲಿ ಮತ್ತೆ ತಪ್ಪುತ್ತಿರಲಿಲ್ಲ. ಹಸಿವಂತೂ ಗ್ಯಾರಂಟಿ ಆಗುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಭಾಷೆಗಳು ಈ ವಿಷಯದಲ್ಲಿ ಉದಾರಿಗಳು. ಮಾರ್ಕೆಟ್ಟಿನಲ್ಲಿ ‘ಹತ್ತು ನಿಂಬೆಹಣ್ಣು ಇದೆ’ ಎಂದರೂ ‘ಇವೆ’ ಎಂದರೂ ನಿಂಬೆಹಣ್ಣಿನ ಹುಳಿ ಅಷ್ಟೇ. ಮೇಷ್ಟ್ರಿಗೆ ಈ ಔದಾರ್ಯ ಸೇರುತ್ತಿರಲಿಲ್ಲ. ವಾಕ್ಯವೊಂದು ಕಿವಿಗೆ ಬಿದ್ದರೆ ಅವರು ಮೊದಲು ಕರ್ತೃವಿನ ಕೊರಳಪಟ್ಟಿ ಹಿಡಿಯುತ್ತಿದ್ದರು, ಆಮೇಲೆ ಕ್ರಿಯಾಪದದ್ದು. ಎರಡೂ ಹೊಂದಿಕೊಂಡರೆ ಅವರಿಗೆ ಪರಮಾನಂದ. ವಾಕ್ಯ ಏನು ಹೇಳಿತು ಎನ್ನುವುದು ಉಳಿದವರಿಗೆ ಬಿಟ್ಟದ್ದು. ಸಹೋದ್ಯೋಗಿ ಶ್ರೀನಿವಾಸ್ ಅವರ ತಾಯಿ ತೀರಿಕೊಂಡಾಗ ಅವರು ‘ಆಲ್ ಆಫ್ ಅಸ್ ಈಸ್ ಇನ್ ಗ್ರೀಫ್’ ಎಂದು ಮೊಬೈಲಿನಲ್ಲಿ ಎಲ್ಲರಿಗೂ ಸುದ್ದಿ ಕಳಿಸಿದ್ದರು. ಮೇಷ್ಟ್ರಿಂದ ಮೊದಲು ಹೋದದ್ದು ತಿದ್ದುಪಡಿ, ಸಂತಾಪ ಆಮೇಲೆ ಹೋಯಿತು. ಶ್ರೀನಿವಾಸ್ ಆ ಬಳಿಕ ಎದುರಾದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಆ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿಯಾಗಿದೆ, ಅದಕ್ಕೇ ಹಾಗೆ ನಡೆಯುತ್ತಾರೆ ಎಂದು ಮೇಷ್ಟ್ರು ತಿಳಿದಿದ್ದರು.

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ಅಲಿಯಾ. ಇಂದಿರಾನಗರದ ಒಂದು ಕಣ್ಣಾಸ್ಪತ್ರೆಯಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಅಳುವ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆಯ ಮೇಲಿನ ಆನೆ ಕುದುರೆ ತೋರಿಸಿ, ಯಾವ ಗಾಜು ಬೇಕೆಂದು ಪತ್ತೆ ಮಾಡುತ್ತಿದ್ದಳು. ಸಂಜೆ ಬಸ್ಸಿಳಿದು ಬಂದರೆ ಅವಳ ಮಾತೆಲ್ಲ ಆ ಮಕ್ಕಳದೇ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಇದು ಗಲ್ಲಿಗೆಲ್ಲ ಗೊತ್ತಿತ್ತು.

ಅವಳಿಗೆ ಗಂಡು ನೋಡುವುದು ಶುರುವಾದಾಗ ಮೇಷ್ಟ್ರ ಹೆಂಡತಿ ಇಮಾಮ್ ಬೀಗೆ ಚಿಂತೆ ಹತ್ತಿದ್ದು ಮಗಳದಲ್ಲ, ಗಂಡನದು. ಮೊದಲು ಬಂದ ಸಂಬಂಧ ಒಳ್ಳೆಯದೇ ಇತ್ತು. ಹುಡುಗನ ಮಾವ ಗಲ್ಫಿನಲ್ಲಿದ್ದವರು, ಶರಬತ್ತು ಕುಡಿಯುತ್ತಾ ‘ಮೋಸ್ಟ್ ಆಫ್ ಮೈ ಫ್ರೆಂಡ್ಸ್ ಈಸ್ ಅರಬ್ಸ್’ ಎಂದರು. ಮೇಷ್ಟ್ರು ತಡೆದುಕೊಳ್ಳಲು ಪ್ರಯತ್ನ ಪಟ್ಟರು ಎನ್ನುವುದಕ್ಕೆ ಇಮಾಮ್ ಬೀಯೇ ಸಾಕ್ಷಿ. ಹಣೆಯಲ್ಲಿ ಬೆವರು ಬಂತಂತೆ, ಕಾಲಿನ ಹೆಬ್ಬೆರಳು ಮಡಚಿಕೊಂಡಿತಂತೆ. ಕೊನೆಗೂ ‘ಆರ್’ ಎಂದುಬಿಟ್ಟರು. ಬಂದವರು ಶರಬತ್ತನ್ನು ಅರ್ಧಕ್ಕೆ ಇಟ್ಟು ಎದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದೇ.

ಎರಡನೆಯ ಸಂಬಂಧ ಫ್ರೇಜರ್ ಟೌನಿನದು. ಹುಡುಗ ಆದಿಲ್. ಅಪ್ಪ ಸೈಫುಲ್ಲಾ ಸಾಹೇಬರಿಗೆ ಶಿವಾಜಿನಗರದಲ್ಲೇ ಶಾಮಿಯಾನ, ಕುರ್ಚಿ, ಹಂಡೆ ಬಾಡಿಗೆಗೆ ಕೊಡುವ ದೊಡ್ಡ ಅಂಗಡಿ. ಆದಿಲ್ ಅದೇ ವ್ಯಾಪಾರದಲ್ಲಿ ದೀಪದ ಅಲಂಕಾರ ನೋಡಿಕೊಳ್ಳುತ್ತಿದ್ದ. ಅಲಿಯಾ ಅವನ ಜೊತೆ ಫೋನಿನಲ್ಲಿ ಮಾತಾಡಿ, ಹುಡುಗ ನಗಿಸ್ತಾನೆ ಎಂದು ತಾಯಿಗೆ ಹೇಳಿದ್ದಳು. ಅಷ್ಟು ಸಾಕಾಗಿತ್ತು ಇಮಾಮ್ ಬೀಗೆ. ಈ ಸಲ ಗಂಡನ ಬಾಯಿಗೆ ಬೀಗ ಹಾಕುವುದೆಂದು ತೀರ್ಮಾನಿಸಿದಳು. ಆ ಮನೆಯವರು ಮಾತಾಡುತ್ತಿದ್ದದ್ದು ದಖ್ಖನಿಯಾದರೂ ಅವಳ ಮಾತನ್ನು ಕನ್ನಡದಲ್ಲಿ ಹೇಳುವುದೇ ವಾಸಿ:

“ಈ ಬೀಡಾ ಬಾಯಲ್ಲಿಟ್ಕೊಳ್ಳಿ. ಅವ್ರು ಮೆಟ್ಲು ಇಳಿಯೋವರೆಗೂ ಉಗೀಬೇಡಿ, ನುಂಗ್ಬೇಡಿ. ಏನ್ ಕೇಳಿದ್ರೂ ತಲೆ ಆಡ್ಸಿ, ಸಾಕು.”

ಬೀಡಾ ಎಂದರೆ ಎರಡು ಎಲೆ ಸೇರಿಸಿ ಮಡಚಿದ್ದು. ಮೇಷ್ಟ್ರ ಬಲಗೆನ್ನೆ ಹಲ್ಲುನೋವು ಬಂದವರ ಹಾಗೆ ಊದಿಕೊಂಡಿತು. ಭಾನುವಾರ ಸಂಜೆ ಬೀಗರಾಗುವವರು ಬಂದರು. ಹೆಂಗಸರು ಒಳಕೋಣೆಗೆ ಹೋದರು, ಗಂಡಸರು ಮುಂಕೋಣೆಯಲ್ಲಿ ಕೂತರು. ಗಂಡಸರ ನಡುವೆ ಒಬ್ಬ ಹೆಂಗಸೂ ಕೂತರು. ಅವರು ಸೈಫುಲ್ಲಾ ಸಾಹೇಬರ ಅಕ್ಕ ಶರ್ಫುನ್ನೀಸಾ, ಒಂದು ಕಾನ್ವೆಂಟಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಅವರಿಗೆ ಒಳಗೆ ಹೋಗಿ ಎಂದು ಹೇಳುವ ಧೈರ್ಯ ತಮ್ಮನಿಗೂ ಇರಲಿಲ್ಲ.

ತಿಂಡಿ ಆಯಿತು, ಚಹಾ ಆಯಿತು. ಸೈಫುಲ್ಲಾ ಸಾಹೇಬರು ಗಂಟಲು ಸರಿಮಾಡಿಕೊಂಡು, ನಮ್ಮ ಮನೆಯದು ಒಂದು ಮಾತಿದೆ, ಅದನ್ನು ಆಪಾ ಹೇಳುತ್ತಾರೆ ಎಂದರು. ಯಾವ ಮಾತು ಎನ್ನುವುದನ್ನು ಅವರು ಮನೆಯಲ್ಲೇ ಅಕ್ಕನಿಗೆ ಬಾಯಿಪಾಠ ಮಾಡಿಸಿ ತಂದಿದ್ದರು. ಶರ್ಫುನ್ನೀಸಾ ಕನ್ನಡಕ ಸರಿಪಡಿಸಿಕೊಂಡು, ಮೇಷ್ಟ್ರ ಮುಖವನ್ನೇ ನೇರವಾಗಿ ನೋಡಿ, ಎಲ್ಲರೂ ದಖ್ಖನಿ ಆಡುತ್ತಿದ್ದಾಗ ತಾವೊಬ್ಬರೇ ಇಂಗ್ಲಿಷಿಗೆ ತಿರುಗಿದರು.

“ಎ ಲಾಟ್ ಆಫ್ ಲರ್ನಿಂಗ್ ಹ್ಯಾಸ್ ಕಮ್ ಇಂಟು ಅವರ್ ಹೌಸ್, ಮಿಸ್ಟರ್ ಅಮೀರ್. ಬಟ್ ದ ಮೆಜಾರಿಟಿ ಆಫ್ ಅವರ್ ಗರ್ಲ್ಸ್ ಹ್ಯಾವ್ ಗಿವನ್ ಅಪ್ ದೇರ್ ಜಾಬ್ಸ್ ಆಫ್ಟರ್ ಮ್ಯಾರೇಜ್, ಅಂಡ್ ದ ನಂಬರ್ ಆಫ್ ಎಕ್ಸೆಪ್ಷನ್ಸ್ ಈಸ್ ವೆರಿ ಸ್ಮಾಲ್. ವುಡ್ ದಟ್ ಬಿ ಅಕ್ಸೆಪ್ಟಬಲ್ ಟು ಯು?”

ನಮ್ಮ ಮನೆಯಲ್ಲಿ ವಿದ್ಯೆ ಬೇಕಾದಷ್ಟಿದೆ, ಆದರೆ ಮದುವೆಯಾದ ಮೇಲೆ ಹೆಚ್ಚಿನ ಹುಡುಗಿಯರು ಕೆಲಸ ಬಿಟ್ಟಿದ್ದಾರೆ, ಬಿಡದವರು ತೀರಾ ಕಡಿಮೆ, ಇದು ನಿಮಗೆ ಒಪ್ಪಿಗೆಯೇ ಎಂದು ಆ ಮಾತಿನ ಅರ್ಥ. ಈ ಅರ್ಥ ಮೇಷ್ಟ್ರ ಕಿವಿಯ ಹೊಸ್ತಿಲವರೆಗೆ ಬಂದು ಚಪ್ಪಲಿ ಬಿಟ್ಟು ಹೊರಗೇ ನಿಂತಿತು. ಒಳಗೆ ಹೋದದ್ದು ಹ್ಯಾಸ್, ಹ್ಯಾವ್ ಮತ್ತು ಈಸ್. ಒಂದೇ ಉಸಿರಿನಲ್ಲಿ ಮೂರು ಹಳ್ಳ, ಮೂರನ್ನೂ ಸೀರೆಯ ನೆರಿಗೆ ಒದ್ದೆಯಾಗದಂತೆ ದಾಟಿದ್ದರು ಆ ಹೆಂಗಸು. ಇಷ್ಟು ವರ್ಷ ಬೋಧಿಸಿದ ಪಾಠ ಜೀವ ಬಂದು ತಮ್ಮ ಮನೆಯ ಸೋಫಾದ ಮೇಲೆ ಕೂತಿದೆ ಎಂದು ಮೇಷ್ಟ್ರಿಗೆ ಅನಿಸಿತು. ಅವರು ತಲೆ ಆಡಿಸಿದರು. ಸುಮ್ಮನೆ ಅಲ್ಲ, ಸಂಗೀತ ಕಚೇರಿಯಲ್ಲಿ ಮೊದಲ ಸಾಲಿನವರು ಆಡಿಸುವಂತೆ ಆಡಿಸಿದರು.

ಶರ್ಫುನ್ನೀಸಾ ‘ಆರ್ ಯು ಸರ್ಟನ್?’ ಎಂದು ಮತ್ತೆ ಕೇಳಿದರು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತ್ತು. ಇನ್ನೂ ಜೋರಾಗಿ ತಲೆ ಆಡಿಸಿದರು. ಸೈಫುಲ್ಲಾ ಸಾಹೇಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ತಲೆ ಆಡಿಸುವುದು ಬರುತ್ತಿತ್ತು. ಎದ್ದು ಮೇಷ್ಟ್ರನ್ನು ತಬ್ಬಿಕೊಂಡು, ಬೀಡಾ ತುಂಬಿದ ಬಾಯಿಗೇ ಒಂದು ತುಂಡು ಮಿಠಾಯಿ ತುರುಕಿದರು. ಒಳಕೋಣೆಯಿಂದ ಮುಬಾರಕ್ ಎಂಬ ಕೂಗು ಬಂತು. ಇಮಾಮ್ ಬೀಗೆ ಇಂಗ್ಲಿಷ್ ಗೊತ್ತಿರಲಿಲ್ಲವಾಗಿ ಅವಳ ಸಂತೋಷಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಪರದೆಯ ಹಿಂದೆ ಅಲಿಯಾ ಟ್ರೇ ಹಿಡಿದು ನಿಂತವಳು ನಿಂತೇ ಇದ್ದಳು. ಅದನ್ನು ಯಾರೂ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಮೇಷ್ಟ್ರದ್ದು ಒಂದೇ ವರ್ಣನೆ. ಟ್ಯೂಷನ್ನಿನ ಹುಡುಗರಿಗೆ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಮ್ಮ ಬೀಗರ ಮನೆಯ ಇಂಗ್ಲಿಷ್ ನೋಡಿ ಎಂದು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದರು. ಕೆ.ಆರ್. ಪುರದ ಜಗನ್ ಎಂಬ ಹುಡುಗ, ಹಾಗಾದ್ರೆ ಅಕ್ಕ ಕೆಲ್ಸ ಬಿಡ್ತಾರಾ ಸಾರ್ ಎಂದು ಕೇಳಿದ. ವಾಕ್ಯ ನೋಡು, ಊರ ಸುದ್ದಿ ಬೇಡ ಎಂದು ಮೇಷ್ಟ್ರು ಗದರಿದರು. ಬೋರ್ಡಿನ ಮೇಲೆ ತಮ್ಮ ಕೈಯಾರೆ ಬರೆದ ಮೇಲೂ ಅದು ಅವರ ತಲೆಗೆ ಇಳಿಯಲಿಲ್ಲ. ಹೀಗೂ ಇರುತ್ತಾರೆಯೇ ಎಂದು ಕೇಳುವವರು ಯಾರಾದರೂ ಒಬ್ಬ ವ್ಯಾಕರಣದ ಮೇಷ್ಟ್ರ ಜೊತೆ ವಾರ ಕಳೆದು ಬರಬೇಕು.

ಒಂದು ಸಂಜೆ ಅಲಿಯಾ ಆಸ್ಪತ್ರೆಯಿಂದ ಬಂದು, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಹೇಳಿ ಬಂದೆ ಎಂದಳು. ಯಾಕೆ ಎಂದು ಮೇಷ್ಟ್ರು ಕೇಳಿದರು.

“ನೀವೇ ಒಪ್ಕೊಂಡ್ರಲ್ಲ ಅಬ್ಬಾ. ಶರ್ಫುನ್ನೀಸಾ ಫುಪ್ಪು ಎರಡೆರಡು ಸಲ ಕೇಳಿದ್ರು.”

ಆಗ ಆ ವಾಕ್ಯ ಮೇಷ್ಟ್ರ ಒಳಗೆ ಹೊಕ್ಕಿತು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವರು ಆಡಿರಲೂ ಇಲ್ಲ, ಆದರೂ ಹೋಗಿತ್ತು. ಆದರೆ ತಕ್ಷಣ ಅವರು ಮಾಡಿದ್ದೇನು ಗೊತ್ತೇ? ಗಂಭೀರವಾಗಿ ಗಡ್ಡ ಸವರಿಕೊಂಡು, ದೊಡ್ಡವರು ಯೋಚನೆ ಮಾಡಿಯೇ ಮಾಡಿರ್ತೀವಿ ಎಂದರು. ಕೇಳಿಸಿಕೊಳ್ಳಲಿಲ್ಲ ಎನ್ನುವುದಕ್ಕಿಂತ ಕಠೋರ ತಂದೆಯಾಗುವುದೇ ಅವರಿಗೆ ಮರ್ಯಾದೆಯಾಗಿ ಕಂಡಿತು. ಮಗಳು ಸರಿ ಎಂದು ಒಳಗೆ ಹೋದಳು. ಅವಳು ಜಗಳ ಆಡಿದ್ದರೆ ಮೇಷ್ಟ್ರು ಉಳಿದುಕೊಳ್ಳುತ್ತಿದ್ದರೇನೋ. ಆ ಸರಿ ಎನ್ನುವುದು ಅವರನ್ನು ಕೊಂದಿತು.

ಮರುದಿನವೂ ಅವಳು ಆಸ್ಪತ್ರೆಗೆ ಹೋಗಿ ಬಂದಳು, ಮಕ್ಕಳ ವಿಷಯ ಒಂದೂ ಹೇಳಲಿಲ್ಲ. ಅನ್ನ ತಿಂದು ತಟ್ಟೆ ತೊಳೆದಳು. ಮೇಷ್ಟ್ರು ಅರ್ಧ ಊಟದಲ್ಲೇ ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾವು ಅಂದು ಅರ್ಥವನ್ನು ಕೇಳಿಸಿಕೊಂಡಿರಲೇ ಇಲ್ಲ, ಭಾಷೆ ಚೆನ್ನಾಗಿತ್ತು ಎಂದು ತಲೆ ಆಡಿಸಿದ್ದು ಎಂದು ಹೇಳಿಬಿಟ್ಟರು. ಇಮಾಮ್ ಬೀ ಲಟ್ಟಣಿಗೆ ಹಿಡಿದುಕೊಂಡೇ ತಿರುಗಿದಳು.

“ನಾನು ಬಾಯಿ ಮುಚ್ಚಿ ಅಂದೆ. ಕಿವಿ ಮುಚ್ಚಿ ಅಂದ್ನಾ?”

ಅಲಿಯಾ ಮಾತ್ರ ಆಶ್ಚರ್ಯಪಡಲಿಲ್ಲ. ತನಗೆ ಅನುಮಾನ ಇತ್ತು ಎಂದಳು. ಆಮೇಲೆ, ಕೈ ಒರೆಸಿಕೊಳ್ಳುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಒಂದು ಹಳೆಯ ಸಂಗತಿ ಹೇಳಿದಳು.

“ಮೂರನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಅಳ್ಕೊಂಡು ಬಂದಿದ್ದೆ. ‘ಹಾಫ್ ಆಫ್ ದ ಚಿಲ್ಡ್ರನ್ ಈಸ್ ಲಾಫಿಂಗ್ ಅಟ್ ಮಿ’ ಅಂದೆ. ನೀವು ‘ಆರ್’ ಅಂದ್ರಿ. ನಾನು ‘ಆರ್’ ಅಂದೆ. ಶಹಬ್ಬಾಸ್ ಅಂತ ಪೆಪ್ಪರ್‌ಮೆಂಟ್ ಕೊಟ್ರಿ. ಯಾಕೆ ನಗ್ತಿದ್ರು ಅಂತ ಕೇಳ್ಲಿಲ್ಲ ಅಬ್ಬಾ.”

ಮೇಷ್ಟ್ರಿಗೆ ಅದು ಚೆನ್ನಾಗಿ ನೆನಪಿತ್ತು. ಮಗಳು ಎಷ್ಟು ಬೇಗ ತಿದ್ದಿಕೊಂಡಳು ಎಂದು ಅವರು ಅದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಅವಳು ಅಳುತ್ತಿದ್ದಳು ಎನ್ನುವುದೊಂದು ಮಾತ್ರ ಆ ಕತೆಯಲ್ಲಿ ಇರಲೇ ಇಲ್ಲ. ಅವರಿಗೆ ನಿಂತ ನೆಲವೇ ಬೇಡವಾಯಿತು. ಊರಿಗೆಲ್ಲ ಶಕುನ ನುಡಿಯುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿದ್ದ ಹಾಗೆ, ಸೌಟು ನೋಡಬೇಡ ಎಂದು ಲೋಕಕ್ಕೆಲ್ಲ ಕಲಿಸಿದವರು ಜೀವಮಾನವಿಡೀ ಸೌಟನ್ನೇ ನೋಡಿಕೊಂಡು ಕೂತಿದ್ದರು. ಕೆಲಸ ಬಿಡೋದು ನಿನಗೆ ಇಷ್ಟವೇ ಎಂದು ಕೇಳಿದರು. ಇಲ್ಲ ಎಂದಳು. ಆದಿಲ್ ಏನಂತಾನೆ ಎಂದರು. ಅವನಿಗೂ ಇಷ್ಟವಿಲ್ಲ, ಆದರೆ ಅಪ್ಪನ ಎದುರು ನಿಂತು ಹೇಳುವ ವಯಸ್ಸು ಅವನಿಗಿನ್ನೂ ಬಂದಿಲ್ಲವಂತೆ ಎಂದಳು. ಹುಡುಗನಿಗೆ ಆಗ ಮೂವತ್ತು ತುಂಬಿತ್ತು.

ಬೆಳಿಗ್ಗೆ ಮೇಷ್ಟ್ರು ಫ್ರೇಜರ್ ಟೌನಿಗೆ ನಡೆದೇ ಹೋದರು. ಶರ್ಫುನ್ನೀಸಾ ತಮ್ಮನ ಮನೆಯ ಮಹಡಿಯಲ್ಲಿದ್ದರು. ಇವರನ್ನು ಕಂಡು ಕೂರಿಸಿದರು, ಮುಖ ಮಾತ್ರ ಬಿಗಿದುಕೊಂಡೇ ಇತ್ತು. ಮೇಷ್ಟ್ರು ತೊದಲುತ್ತಾ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದರು.

“ಕೆಲಸ ಬಿಡದ ಆ ತೀರಾ ಕಡಿಮೆ ಜನ ಅಂದೆನಲ್ಲ ಮೇಷ್ಟ್ರೇ, ಅದು ನಾನೊಬ್ಳೇ. ಹುಡುಗಿ ಕೆಲಸ ಬಿಡೋದು ಬೇಡ ಅಂತ ಮನೇಲಿ ತಿಂಗಳು ಜಗಳ ಆಡಿದ್ದೆ. ಸೋತೆ. ಹೇಳೋ ಕೆಲಸನೂ ನನ್ ತಲೆಗೇ ಕಟ್ಟಿದ್ರು. ಇಂಗ್ಲಿಷಲ್ಲಿ ಹೇಳಿದ್ರೆ ಓದಿದ ಮನುಷ್ಯ, ಆಗಲ್ಲ ಅಂತಾರೆ, ನನಗೊಂದು ಬಲ ಬರುತ್ತೆ ಅಂದ್ಕೊಂಡಿದ್ದೆ. ನೀವು ಕುಣಿದಾಡಿ ಒಪ್ಪಿದ್ರಿ. ಈಗ ಈ ಮನೇಲಿ ನಾನು ಬಾಯಿ ತೆಗೆಯೋ ಹಾಗಿಲ್ಲ.”

ಮೇಷ್ಟ್ರು ತಲೆ ತಗ್ಗಿಸಿದರು. ಈಗಲೇ ಹೋಗಿ ಮನಸ್ಸು ಬದಲಾಯಿತು ಎಂದು ಸೈಫುಲ್ಲಾ ಸಾಹೇಬರಿಗೆ ಹೇಳುತ್ತೇನೆ ಎಂದರು. ಹಾಗೆ ಮಾತ್ರ ಹೇಳಬೇಡಿ ಎಂದರು ಶರ್ಫುನ್ನೀಸಾ. ತಮ್ಮನಿಗೆ ಇಡೀ ಲೋಕದಲ್ಲಿ ಆಗದವನೆಂದರೆ ಕೊಟ್ಟ ಮಾತು ತಿರುಗಿಸುವವನು. ಹಾಗೆ ಹೇಳಿದರೆ ಕೆಲಸವೂ ಉಳಿಯುವುದಿಲ್ಲ, ಸಂಬಂಧವೂ ಉಳಿಯುವುದಿಲ್ಲ. ಮಾತು ಕೊಟ್ಟೇ ಇಲ್ಲ ಎಂದಾದರೆ ಬೇರೆ. ಆದರೆ ಎಲ್ಲರೂ ನೋಡಿದ್ದಾರಲ್ಲ, ಅದನ್ನು ಹೇಗೆ ಸಾಧಿಸುತ್ತೀರೋ ನೀವೇ ಯೋಚಿಸಿ ಎಂದರು.

ಫ್ರೇಜರ್ ಟೌನಿನಿಂದ ಶಿವಾಜಿನಗರಕ್ಕೆ ಬರುವ ದಾರಿಯಲ್ಲಿ ಮೇಷ್ಟ್ರು ಯೋಚಿಸಿದರು. ದಾರಿ ಒಂದೇ ಇತ್ತು, ಅದು ಅವರಿಗೆ ಮೊದಲ ತಿರುವಿನಲ್ಲೇ ಹೊಳೆದಿತ್ತು. ಉಳಿದ ದಾರಿಯನ್ನೆಲ್ಲ ಬೇರೆ ಯಾವುದಾದರೂ ಸಿಗಬಹುದೇ ಎಂದು ಹುಡುಕುವುದರಲ್ಲಿ ಕಳೆದರು. ಸಿಗಲಿಲ್ಲ.

ಅಂಗಡಿಯಲ್ಲಿ ಅಂದು ಯಾರದೋ ಮದುವೆಗೆ ಸಾಮಾನು ಏರಿಸುವ ಗಡಿಬಿಡಿ. ಆಳುಗಳು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಟೆಂಪೋಗೆ ಎಸೆಯುತ್ತಿದ್ದರು. ಸೈಫುಲ್ಲಾ ಸಾಹೇಬರು ಬೀಗರನ್ನು ಕಂಡು ಹಿಗ್ಗಿ, ಬೋರಲು ಹಾಕಿದ ಹಂಡೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಮೇಷ್ಟ್ರು ಅಲಿಯಾಳ ಕೆಲಸದ ವಿಷಯ ಎತ್ತಿದ ಕೂಡಲೇ ಅವರ ಹಿಗ್ಗು ಇಳಿಯಿತು. ಅದು ಮುಗಿದ ಮಾತಲ್ಲವೇ, ಎಲ್ಲರ ಎದುರು ತಲೆ ಆಡಿಸಿದಿರಲ್ಲ, ಗಂಡಸಿನ ಮಾತು ಎರಡಾಗುತ್ತದೆಯೇ ಎಂದು ಕೇಳಿದರು. ದನಿ ಏರಿತ್ತು, ಆಳುಗಳು ಕೈ ನಿಧಾನ ಮಾಡಿದರು.

“ಆಪಾ ಇಂಗ್ಲಿಷಲ್ಲಿ ಹೇಳಿದ್ರು,” ಎಂದರು ಮೇಷ್ಟ್ರು. “ನನಗೆ ಅರ್ಥ ಆಗ್ಲಿಲ್ಲ.”

ಸೈಫುಲ್ಲಾ ಸಾಹೇಬರು ತಾವು ಕೇಳಿದ್ದು ಸರಿಯೇ ಎನ್ನುವಂತೆ ಕಿವಿ ಮುಂದೆ ತಂದರು. ನಿಮಗೆ ಇಂಗ್ಲಿಷ್ ಅರ್ಥ ಆಗಲಿಲ್ಲವೇ ಎಂದು, ಟೆಂಪೋದ ಮೇಲಿದ್ದವನಿಗೂ ಕೇಳಿಸುವಂತೆ ಮತ್ತೆ ಕೇಳಿದರು. ಮೊದಲ ಸಲ ಹೇಳುವುದು ಹೇಗೋ ಆಗಿಹೋಗಿತ್ತು. ಎರಡನೆಯ ಸಲಕ್ಕೆ ಮೇಷ್ಟ್ರು ಕಂಬಳಿಯ ಅಂಚು ಹಿಡಿದುಕೊಳ್ಳಬೇಕಾಯಿತು.

“ಅರ್ಥ ಆಗ್ಲಿಲ್ಲ. ಮರ್ಯಾದೆಗೆ ತಲೆ ಆಡಿಸ್ದೆ.”

ಅದು ಸುಳ್ಳೂ ಆಗಿರಲಿಲ್ಲ, ಅದೇ ಅದರ ಕಷ್ಟ. ಆಳುಗಳಲ್ಲಿ ಒಬ್ಬ ಕಿಸಕ್ಕೆಂದ. ಸೈಫುಲ್ಲಾ ಸಾಹೇಬರು ಮಾತ್ರ ನಗಲಿಲ್ಲ. ಅವರ ಮುಖದಲ್ಲಿ ನಿಧಾನವಾಗಿ ಬೇರೇನೋ ಮೂಡಿತು, ಹಬ್ಬದ ಚಂದ್ರ ಕಂಡವರ ಮುಖದಲ್ಲಿ ಮೂಡುವಂಥದ್ದು. ಹತ್ತಿರ ಸರಿದು ಮೇಷ್ಟ್ರ ತೊಡೆಯ ಮೇಲೆ ಕೈಯಿಟ್ಟರು.

“ನಾನೊಬ್ನೇ ಅಂದ್ಕೊಂಡಿದ್ದೆ ಮೇಷ್ಟ್ರೇ. ಚಿಕ್ಕಂದಿನಿಂದ ಮನೇಲಿ ಆ ಇಂಗ್ಲಿಷ್ ಕೇಳಿ ಕೇಳಿ ತಲೆ ಆಡಿಸ್ಕೊಂಡೇ ಬಂದಿದೀನಿ. ಒಂದು ಅಕ್ಷರ ಅರ್ಥ ಆಗಿಲ್ಲ.”

ಚಹಾ ಬಂತು, ಬನ್ನು ಬಂತು. ಅರ್ಥವಾಗದೆ ಕೊಟ್ಟ ಮಾತು ಮಾತೇ ಅಲ್ಲ, ನಮ್ಮ ವ್ಯಾಪಾರದಲ್ಲೂ ಅದು ಲೆಕ್ಕಕ್ಕಿಲ್ಲ ಎಂದು ಸೈಫುಲ್ಲಾ ಸಾಹೇಬರು ತೀರ್ಪು ಕೊಟ್ಟರು. ಈಗ ನಮ್ಮ ನಿಮ್ಮ ಭಾಷೆಯಲ್ಲೇ ಕೇಳುತ್ತೇನೆ, ಹುಡುಗಿ ಮದುವೆ ಆದ ಮೇಲೆ ಕೆಲಸ ಬಿಡುತ್ತಾಳಾ ಎಂದರು. ಬಿಡುವುದಿಲ್ಲ ಎಂದರು ಮೇಷ್ಟ್ರು. ಬನ್ನು ಚಹಾದಲ್ಲಿ ನೆನೆದು ಬೀಳುವವರೆಗೂ ಸಾಹೇಬರು ಯೋಚಿಸಿದರು. ಸರಿ, ಮಕ್ಕಳಾದ ಮೇಲಾದರೂ ಎಂದು ಚೌಕಾಸಿಗೆ ಇಳಿದರು.

“ಅದನ್ನ ಅವಳನ್ನೇ ಕೇಳಿ,” ಎಂದರು ಮೇಷ್ಟ್ರು. “ನಾನು ಸರಿಯಾಗಿ ಕೇಳಿಸ್ಕೊಳ್ಳೋನಲ್ಲ.”

ಸೈಫುಲ್ಲಾ ಸಾಹೇಬರು ಕೇಳಿದರೋ ಬಿಟ್ಟರೋ, ಅಲಿಯಾ ಕೆಲಸ ಬಿಡುತ್ತೇನೆಂದಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು, ಆಸ್ಪತ್ರೆಗೆ ಹೋಗುವುದು ಬಿಡಲಿಲ್ಲ. ಆದರೆ ಶಿವಾಜಿನಗರದಲ್ಲಿ ಶಾಮಿಯಾನದ ಆಳುಗಳು ಹೋಗದ ಮನೆ ಇಲ್ಲ. ಅಮೀರ್ ಮೇಷ್ಟ್ರಿಗೆ ಇಂಗ್ಲಿಷ್ ಬರೋದಿಲ್ಲವಂತೆ, ಬೀಗರ ಮನೆಯವರು ಮಾತಾಡಿಸಿದರೆ ಬೆಬ್ಬೆಬ್ಬೆ ಎಂದರಂತೆ ಎಂಬ ಸುದ್ದಿ ಕಂಬ ನೆಟ್ಟಲ್ಲೆಲ್ಲ ನಿಂತಿತು. ಟ್ಯೂಷನ್ನಿಗೆ ಬರುವವರು ಕಡಿಮೆಯಾದರು. ಒಬ್ಬ ತಾಯಿ ಬಂದು, ಮಗನಿಗೆ ಗಣಿತ ಮಾತ್ರ ಹೇಳಿಕೊಡುತ್ತೀರಾ ಎಂದು ಕೇಳಿದಳು. ತಮಗೆ ಇಂಗ್ಲಿಷ್ ಬರುತ್ತದೆ ಎಂದು ಮೇಷ್ಟ್ರಿಗೆ ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ ದಿನ ಆ ತಲೆ ಆಡಿಸಿದ್ದು ಮತ್ತೆ ಮಾತಾಗಿಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಿಕಾಹ್ ಟ್ಯಾನರಿ ರಸ್ತೆಯ ಒಂದು ಶಾದಿ ಮಹಲಿನಲ್ಲಿ ನಡೆಯಿತು. ದೀಪಗಳನ್ನೆಲ್ಲ ಆದಿಲ್ ತಾನೇ ನಿಂತು ಹಾಕಿಸಿದ್ದ, ಮದುಮಗನನ್ನು ಏಣಿಯಿಂದ ಇಳಿಸಲು ಜನ ಬೇಕಾಯಿತು. ಊಟಕ್ಕೆ ಮುಂಚೆ ಶರ್ಫುನ್ನೀಸಾ ಮೈಕ್ ಹಿಡಿದು ಎಂದಿನಂತೆ ಇಂಗ್ಲಿಷಿನಲ್ಲಿ ಮಾತಾಡಿದರು. ಮೊದಲ ಸಾಲಿನಲ್ಲಿ ಸೈಫುಲ್ಲಾ ಸಾಹೇಬರು ಪಕ್ಕದ ಬೀಗರ ಕಡೆಗೆ ವಾಲಿಕೊಂಡರು. ಇತ್ತೀಚೆಗೆ ಅವರು ಇದನ್ನೊಂದು ಕರ್ತವ್ಯವೆಂದೇ ತಿಳಿದಿದ್ದರು. ಅಕ್ಕ ಇಂಗ್ಲಿಷಿಗೆ ತಿರುಗಿದಾಗಲೆಲ್ಲ, ಊಹೆಯಿಂದಲೇ, ಪಾಪ ಅರ್ಥವಾಗದ ಮೇಷ್ಟ್ರಿಗೆ ದಖ್ಖನಿಯಲ್ಲಿ ತರ್ಜುಮೆ ಮಾಡಿ ಹೇಳುತ್ತಿದ್ದರು.

ಮನೆಯ ಹೆಂಗಸರಲ್ಲಿ ಬೆಳಿಗ್ಗೆ ಹೊರಗೆ ಹೊರಟರೆ ಚೀಲ ಹಿಡಿದವಳು ತಾನೊಬ್ಬಳೇ ಇರುತ್ತಿದ್ದೆ, ಮೆಟ್ಟಿಲಿಳಿಯುವಾಗ ಎಲ್ಲ ಕಿಟಕಿಗಳೂ ತನ್ನನ್ನೇ ನೋಡುತ್ತಿದ್ದವು, ನಾಳೆಯಿಂದ ಈ ಮನೆಯಲ್ಲಿ ಇನ್ನೊಬ್ಬಳು ಚೀಲ ಹಿಡಿದು ಹೊರಡುತ್ತಾಳೆ, ತನಗೆ ಇಷ್ಟು ವರ್ಷ ಒಂಟಿಯಾಗಿದ್ದೆ ಎಂದೇ ಗೊತ್ತಿರಲಿಲ್ಲ ಎಂದು ಶರ್ಫುನ್ನೀಸಾ ಹೇಳುತ್ತಿದ್ದರು. ಅಮೀರ್ ಮೇಷ್ಟ್ರಿಗೆ ಒಂದೊಂದು ಮಾತೂ ಕೇಳಿಸಿತು. ವೇದಿಕೆಯ ಮೇಲೆ ಅಲಿಯಾ ಕಣ್ಣೊರೆಸಿಕೊಳ್ಳುವುದು ಕಾಣಿಸಿತು. ಅವರಿಗೂ ತಡೆಯಲಾಗಲಿಲ್ಲ, ಕರ್ಚೀಫು ಹುಡುಕುತ್ತಾ ಗಳಗಳನೆ ಅತ್ತುಬಿಟ್ಟರು.

ಸೈಫುಲ್ಲಾ ಸಾಹೇಬರು ಗಾಬರಿಯಾಗಿ ಅವರ ಭುಜ ತಬ್ಬಿಕೊಂಡರು.

“ಅಳ್ಬೇಡಿ ಮೇಷ್ಟ್ರೇ. ಊಟ ಸ್ವಲ್ಪ ತಡ ಆಗುತ್ತೆ ಅಂತಿದಾರೆ ಆಪಾ, ಅಷ್ಟೇ.”